ಗುಡ್ಡಕ್ಕೆ ಹೊರಟ ಬಿಳಿ ರೆಕ್ಕೆ

“ಕೆಂಪು ಎಲ್ಲೈತಮ್ಮ ಇದ್ರಾಗೆ?”

ಮರುಳಸಿದ್ದಪ್ಪನವರು ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರು. ಬಿಳಿಯ ಅರ್ಧ ತೋಳಿನ ಅಂಗಿ. ಕಾಲರಿನ ಹಿಂದೆ ಒಣಗಿ ಕಂದಿದ ರಕ್ತದ ಕಲೆ. ಅದೊಂದು ಬಿಟ್ಟರೆ ಒಗೆದು ಮಡಿಸಿಟ್ಟಷ್ಟೇ ಬೆಳ್ಳಗಿತ್ತು.

ಅನುಸೂಯಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ರಕ್ತ ಐತಲ್ಲ ಸಾರ್, ಕಾಲರಿನ ಹತ್ರ.”

“ರಕ್ತ ಅಲ್ಲಮ್ಮ. ಅದಿರಿನ ಧೂಳು.”

ಅನುಸೂಯಳ ಗಂಡ ಬೋರಯ್ಯ ಪಶು ಆಸ್ಪತ್ರೆಯ ಕಾಂಪೌಂಡರ್. ಹೋದ ವರ್ಷ ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿಯ ಒಂದು ತಿರುವಿನಲ್ಲಿ, ಬೇವಿನ ಮರದ ಕೆಳಗೆ, ತಲೆಗೆ ಪೆಟ್ಟುಬಿದ್ದು ಸತ್ತಿದ್ದ. ಕಬ್ಬಿಣದ ಅದಿರಿನ ಲಾರಿ ಗುದ್ದಿತೆಂದು ಕೇಸಾಗಿತ್ತು. ಆ ಲಾರಿಯ ಚಾಲಕ ತಪ್ಪು ಒಪ್ಪಿಕೊಂಡು ದಂಡ ಕಟ್ಟಿಯೂ ಆಗಿತ್ತು. ಈಗ ಚಿತ್ರದುರ್ಗದ ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಅನುಸೂಯಳ ಅರ್ಜಿ ವಿಚಾರಣೆಗೆ ಬಂದಿತ್ತು.

ಆ ಲಾರಿಗೆ ವಿಮೆ ಕೊಟ್ಟ ಕಂಪನಿಗೆ ಎಲ್ಲವೂ ಇಷ್ಟು ಸಲೀಸಾಗಿ ನಡೆದದ್ದೇ ಅನುಮಾನ ತಂದಿತ್ತು. ಅದಕ್ಕೇ ನಿವೃತ್ತ ಇನ್‌ಸ್ಪೆಕ್ಟರ್ ಮರುಳಸಿದ್ದಪ್ಪನವರನ್ನು ಕಳಿಸಿದ್ದರು.

“ಅದಿರಿನ ಲಾರಿ ನೋಡಿದೀಯಲ್ಲಮ್ಮ? ಬಂಪರ್ರು, ಚಕ್ರ, ಡ್ರೈವರ್ ರೆಪ್ಪೆ ಸಮೇತ ಕೆಂಪಗಿರ್ತೈತೆ. ಅಂಥಾದ್ದು ಬಂದು ಗುದ್ದಿದ್ರೆ ಈ ಅಂಗಿ ಹಿಂಗಿರ್ತಿತ್ತಾ?”

ಒಳಗಿನಿಂದ ಟೀ ಲೋಟ ಹಿಡಿದು ಬಂದ ಯುವಕ ನಡುವೆ ಬಾಯಿ ಹಾಕಿದ. “ತಲೆಗೊಂದು ಪೆಟ್ಟು ಸಾರ್, ಅಷ್ಟೇ. ಮೈಗೆ ತಾಕಲಿಲ್ಲ. ನಾನೇ ಕಣ್ಣಾರೆ ಕಂಡಿದೀನಿ.”

ಅವನು ಮೋಹನ್‌ಕುಮಾರ್, ಅನುಸೂಯಳ ತಮ್ಮ. ಈ ಕೇಸಿನ ಏಕೈಕ ಪ್ರತ್ಯಕ್ಷ ಸಾಕ್ಷಿ. ಲಾರಿ ಮಾಲೀಕ ಪಂಚಾಕ್ಷರಪ್ಪನ ಬಳಿಯೇ ಬೇರೊಂದು ಗಾಡಿಗೆ ಡ್ರೈವರ್ ಆಗಿದ್ದವನು. ತನ್ನ ಧಣಿಯ ಗಾಡಿಯ ಮೇಲೇ ಹೇಳಿಕೆ ಕೊಟ್ಟನೆಂದು ಊರಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು.

“ಬೋರಯ್ಯನ ಮೊಪೆಡ್ ಎಲ್ಲಿತ್ತಪ್ಪ?”

“ಮರದ ಹತ್ರ ಬಿದ್ದಿತ್ತು ಸಾರ್.”

“ಇಲ್ಲ ಕಣೋ ಮೋಹನ,” ಅಂದಳು ಅನುಸೂಯ. “ಮೊಪೆಡ್‌ಗೆ ಒಂದು ಗೀರೂ ಆಗಿರಲಿಲ್ಲ. ನಮ್ಮೋರು ಸ್ಟ್ಯಾಂಡ್ ಹಾಕಿ ನಿಲ್ಸಿದ್ರಂತೆ, ಹಂಗೇ ನಿಂತಿತ್ತು ಅಂತ ಪೊಲೀಸ್ನೋರೇ ಅಂದ್ರು.”

ಮೋಹನ್‌ಕುಮಾರ್ ಟೀ ಲೋಟ ಕೆಳಗಿಟ್ಟ. “ಆ ಗಾಬ್ರಿಯಾಗೆ ನಾನು ಏನ್ ನೋಡಿದ್ನೋ ಅಕ್ಕ,” ಎಂದು ಹಿತ್ತಲಿಗೆ ನಡೆದ.

ಮರುಳಸಿದ್ದಪ್ಪನವರು ಅಂಗಿಯನ್ನು ಮಡಿಸಿ ಅವಳ ಕೈಗೇ ಕೊಟ್ಟರು. ಸುಳ್ಳು ಲಾರಿ ತೋರಿಸಿದ್ದೆಂದು ಸಾಬೀತಾದರೆ ಅರ್ಜಿ ಬಿದ್ದುಹೋಗುತ್ತದೆ. ಅಷ್ಟಕ್ಕೇ ಮುಗಿಯದು, ಮೋಸದ ಕೇಸು ಇವಳ ಕೊರಳಿಗೇ ಸುತ್ತಿಕೊಳ್ಳುತ್ತದೆ. ಅಂಗನವಾಡಿ ಕೆಲಸವೂ ಹೋಗುತ್ತದೆ. ಸಿರಿಗೆರೆಯ ಹಾಸ್ಟೆಲಿನಲ್ಲಿ ಓದುತ್ತಿರುವ ಮಗಳು ಸುಷ್ಮಿತಾ ಮನೆಗೆ ಬಂದು ಕೂರಬೇಕಾಗುತ್ತದೆ.

ಅದನ್ನೆಲ್ಲ ಸಾಬೀತು ಮಾಡುವುದೇ ತಾವು ಒಪ್ಪಿಕೊಂಡ ಕೆಲಸ ಎಂಬುದು ನೆನಪಾಗಿ ಅವರಿಗೆ ಟೀ ರುಚಿಸಲಿಲ್ಲ.

*

ಮಾರನೆಯ ಬೆಳಗ್ಗೆ ಮರುಳಸಿದ್ದಪ್ಪನವರು ತಮ್ಮ ಸ್ಕೂಟರ್‌ನಲ್ಲಿ ಆ ತಿರುವಿಗೆ ಹೋದರು.

ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಬೇವಿನ ಮರ. ನಡುವೆ ಕಿರಿದಾದ ಟಾರು ರಸ್ತೆ. ಟಾರು ಕಪ್ಪಗೆ, ಸ್ವಚ್ಛವಾಗಿತ್ತು. ಅದಿರಿನ ಲಾರಿಗಳು ಓಡಾಡುವ ದಾರಿಯಾಗಿದ್ದರೆ ಅಂಚಿನ ಹುಲ್ಲೂ ಕೆಂಪಾಗಿರಬೇಕಿತ್ತು.

ಅವರು ಮರದ ಬೊಡ್ಡೆಯನ್ನು ಸುತ್ತು ಹಾಕಿ ನೋಡಿದರು. ರಸ್ತೆಯ ಕಡೆಗೆ, ಸರಿಯಾಗಿ ತಮ್ಮ ಹಣೆಯ ಎತ್ತರದಲ್ಲಿ, ತೊಗಟೆ ಸೀಳಿಹೋಗಿತ್ತು. ಹಳೆಯ ಗಾಯ. ಸುತ್ತ ಅಂಟು ಒಸರಿ ಗಟ್ಟಿಯಾಗಿತ್ತು.

ಆ ಅಂಟಿನೊಳಗೆ ಏನೋ ಬೆಳ್ಳಗೆ ಕಂಡಿತು.

ಚಾಕುವಿನ ಮೊನೆಯಿಂದ ಮೆಲ್ಲಗೆ ಎಬ್ಬಿಸಿ ಅಂಗೈಗೆ ಹಾಕಿಕೊಂಡರು. ಉಗುರಿನಷ್ಟಗಲದ ಚಕ್ಕೆ. ಕಬ್ಬಿಣವಲ್ಲ, ಮರವಲ್ಲ, ಗಾಜೂ ಅಲ್ಲ. ಒಂದು ಮೈ ನುಣುಪಾದ ಬಿಳಿ ಬಣ್ಣ, ಇನ್ನೊಂದು ಮೈಯಲ್ಲಿ ನೂಲಿನಂಥ ಎಳೆಗಳು. ಬೆರಳಾಡಿಸಿದರೆ ಎಳೆ ಚುಚ್ಚಿ ತುರಿಸತೊಡಗಿತು. ಊದಿದರೆ ಹಾರಿಹೋಗುವಷ್ಟು ಹಗುರ.

ಇಷ್ಟು ಹಗುರವಾದದ್ದು ಬೇವಿನ ಮರವನ್ನು ಹೀಗೆ ಸೀಳಿತೆ?

ಅಷ್ಟರಲ್ಲಿ ಹಿಂದಿನಿಂದ ಒಂದೇ ಸಮನೆ ಹಾರ್ನ್ ಕೇಳಿತು. ಕೆಂಪು ಬಾವುಟ ಕಟ್ಟಿದ ಜೀಪೊಂದು ತಿರುವಿಗೆ ಬಂದು ನಿಂತಿತು.

“ಯಜಮಾನ್ರೇ, ಗಾಡಿ ಸೈಡಿಗೆ ಹಾಕ್ರಿ! ಮರದ ಹತ್ರ ನಿಂತ್ಕಳ್ರಿ! ರೆಕ್ಕೆ ಬರ್ತಾ ಐತೆ!”

“ಯಾವ ರೆಕ್ಕೆನಪ್ಪ?”

“ಗುಡ್ಡದ ಮೇಲಿನ ಫ್ಯಾನಿಂದು! ಅಲ್ಲಾಡಬ್ಯಾಡ್ರಿ ಮತ್ತೆ!”

ಮರುಳಸಿದ್ದಪ್ಪನವರು ಸ್ಕೂಟರ್ ತಳ್ಳಿಕೊಂಡು ಹೋಗಿ ಮರದ ಬುಡದಲ್ಲಿ ಸ್ಟ್ಯಾಂಡ್ ಹಾಕಿದರು. ಹಾಕಿದ ಮೇಲೆ ತಮ್ಮ ಕೈಯನ್ನೇ ನೋಡಿಕೊಂಡರು. ಬೋರಯ್ಯನೂ ಹೀಗೇ, ಇಲ್ಲೇ, ಸ್ಟ್ಯಾಂಡ್ ಹಾಕಿ ನಿಂತಿದ್ದನೆ?

ಮೊದಲು ಬಂದದ್ದು ಟ್ರೇಲರಿನ ಮುಂಭಾಗ. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಅದರ ಬೆನ್ನಿನ ಮೇಲಿಂದ ಶುರುವಾಯಿತು ನೋಡಿ, ಮುಗಿಯಲೇ ಇಲ್ಲ.

ಬೆಳ್ಳಗಿನ ಬೃಹತ್ ರೆಕ್ಕೆ. ಬುಡದಲ್ಲಿ ಒಂದು ಗುಡಿಸಲಿನಷ್ಟು ದಪ್ಪ. ಹೋಗ್ತಾ ಹೋಗ್ತಾ ಸಣ್ಣಗಾಗಿ, ಎಲ್ಲೋ ಹಿಂದೆ ಕತ್ತಿಯ ಅಲಗಿನಂತೆ ತೆಳುವಾಗಿತ್ತು. ಮೂರು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದರೂ ಅದರ ತುದಿ ಸಿಗುತ್ತಿರಲಿಲ್ಲ. ಬಿಸಿಲು ಅದರ ಮೈ ಮೇಲೆ ಜಾರುತ್ತಿತ್ತು. ಇದನ್ನು ಮನುಷ್ಯರು ಮಾಡಿದರೆಂದರೆ ನಂಬುವುದೇ ಕಷ್ಟವಾಗಿತ್ತು.

ಮೂವತ್ತು ವರ್ಷದ ಪೊಲೀಸ್ ಕೆಲಸದಲ್ಲಿ ಏನೇನೋ ಕಂಡ ಮರುಳಸಿದ್ದಪ್ಪನವರು ಬಾಯಿ ತೆರೆದು ನಿಂತರು. ದೇವರ ಮುಂದೆ ನಿಂತವರ ಹಾಗೆ ತಲೆಯ ಟೋಪಿಯನ್ನು ಯಾವಾಗ ತೆಗೆದರೋ ಅವರಿಗೇ ತಿಳಿಯಲಿಲ್ಲ.

ಟ್ರೇಲರಿನ ಮುಂಭಾಗ ಬಂಡೆಯ ಕಡೆಗೆ ತಿರುಗಿತು. ತಿರುಗಿದ್ದೇ ತಡ, ಅಷ್ಟು ದೂರದಲ್ಲಿದ್ದ ರೆಕ್ಕೆಯ ಬಾಲ ರಸ್ತೆ ಬಿಟ್ಟು ಹೊರಕ್ಕೆ, ಗಾಳಿಯಲ್ಲಿ, ಸದ್ದಿಲ್ಲದೆ ಬೀಸುತ್ತಾ ಬಂತು.

ಅವರ ಕಡೆಗೇ ಬಂತು.

ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಮರ. ಬಿಳಿಯ ಅಲಗು ಹಣೆಯ ಎತ್ತರದಲ್ಲಿ ಹತ್ತಿರ, ಇನ್ನೂ ಹತ್ತಿರವಾಗಿ, ಮುಖಕ್ಕೆ ತಣ್ಣನೆಯ ನೆರಳು ಹಾಯಿಸಿತು. ಚಾಚಿದರೆ ಕೈಗೆ ಸಿಗುವಷ್ಟರಲ್ಲಿ ಒಂದು ಕ್ಷಣ ತಡೆದು ನಿಂತು, ಮೆಲ್ಲಗೆ ವಾಪಸು ಸರಿಯಿತು.

ಟ್ರೇಲರಿನ ತೀರಾ ಹಿಂದೆ, ಚಕ್ರಗಳ ಮೇಲೆ, ಸಣ್ಣದೊಂದು ಕುರ್ಚಿಯಿತ್ತು. ಕುರ್ಚಿಯ ಮುಂದೊಂದು ಸ್ಟಿಯರಿಂಗ್. ಮುಖಕ್ಕೆ ಟವೆಲು ಸುತ್ತಿ, ಕಪ್ಪು ಕನ್ನಡಕ ಹಾಕಿದ ಒಬ್ಬ ಅಲ್ಲಿ ಕೂತು ಹಿಂದಿನ ಚಕ್ರಗಳನ್ನು ತಿರುಗಿಸುತ್ತಿದ್ದ. ಬಾಲವನ್ನು ಮರಕ್ಕೆ ತಾಕಿಸದೆ ಹಾಯಿಸಿದ್ದು ಅವನ ಕೈ. ತಾಯಿ ಕೂಸನ್ನು ಬಾಗಿಲು ದಾಟಿಸುವ ಹಾಗೆ ದಾಟಿಸಿಬಿಟ್ಟಿದ್ದ.

ಅವನು ಒಮ್ಮೆ ಮರುಳಸಿದ್ದಪ್ಪನವರ ಕಡೆ ನೋಡಿದ. ತಕ್ಷಣ ಮುಖ ಆಚೆ ತಿರುಗಿಸಿದ.

ರೆಕ್ಕೆ ತಿರುವು ದಾಟಿ ಗುಡ್ಡದ ಕಡೆ ಹೊರಟಿತು. ಅಂಗೈಯಲ್ಲಿದ್ದ ಬಿಳಿ ಚಕ್ಕೆ ಬೆವರಿಗೆ ಅಂಟಿಕೊಂಡಿತ್ತು.

*

ಗುಡ್ಡದ ನೆತ್ತಿಯಲ್ಲಿ ಗಾಳಿ ನಿಂತು ಮಾತಾಡಲು ಬಿಡುತ್ತಿರಲಿಲ್ಲ. ಸಾಲಾಗಿ ನಿಂತ ಗಾಳಿಯಂತ್ರಗಳ ಬಿಳಿ ಕಂಬಗಳು, ಅವುಗಳ ತಲೆಯ ಮೇಲೆ ನಿಧಾನಕ್ಕೆ ಸುತ್ತುವ ಮೂರು ಮೂರು ರೆಕ್ಕೆಗಳು. ಕೆಳಗೆ ಹೊಸದುರ್ಗದ ಸೀಮೆ, ಕೆರೆ ಹೊಲಗಳೆಲ್ಲ ಹಾಸಿದ ಕೌದಿಯಂತೆ ಕಾಣುತ್ತಿದ್ದವು.

ರೆಕ್ಕೆ ಸಾಗಿಸುವ ಗುತ್ತಿಗೆ ಹಿಡಿದಿದ್ದವನೂ ಪಂಚಾಕ್ಷರಪ್ಪನೇ. ಹಣೆಗೆ ವಿಭೂತಿ, ಬಿಳಿ ಪಂಚೆ. ಕ್ರೇನಿನ ಕೆಳಗೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ.

“ಬರ್ರಿ ಸಿದ್ದಪ್ಪನೋರೆ, ಬರ್ರಿ. ನೋಡ್ರಿ ಎಂಗೈತೆ! ನಮ್ಮಜ್ಜ ಈ ಗುಡ್ಡಕ್ಕೆ ಎತ್ತು ಹತ್ಸೋಕಾಗ್ದೆ ವಾಪಸು ಹೋಗಿದ್ನಂತೆ. ನಾನು ಗಾಳಿ ಹಿಡಿಯೋ ಯಂತ್ರಾನೇ ಹತ್ಸಿದೀನಿ.”

“ದೊಡ್ಡ ಕೆಲಸ,” ಅಂದರು ಮರುಳಸಿದ್ದಪ್ಪನವರು. ಸುಳ್ಳು ಹೊಗಳಿಕೆಯಲ್ಲ, ಅವರಿಗೆ ನಿಜಕ್ಕೂ ಹಾಗೆಯೇ ಅನಿಸಿತ್ತು. “ಅದಕ್ಕೇ ಕೇಳ್ತೀನಿ ಪಂಚಾಕ್ಷರಪ್ಪ. ಇಷ್ಟು ದೊಡ್ಡ ಕೆಲಸ ಮಾಡೋ ಮನುಷ್ಯ ಅಷ್ಟು ಸಣ್ಣ ಕೆಲಸ ಯಾಕೆ ಮಾಡ್ದೆ?”

“ಏನು ಮಾಡಿದೀನಿ?”

ಅವರು ಕರವಸ್ತ್ರ ಬಿಚ್ಚಿ ಚಕ್ಕೆ ತೋರಿಸಿದರು. “ಬೋರಯ್ಯ ಸತ್ತ ಮರದಾಗೆ ಸಿಕ್ತು. ಇದು ನಿನ್ನ ಅದಿರಿನ ಲಾರಿದಾ?”

ಪಂಚಾಕ್ಷರಪ್ಪ ಚಕ್ಕೆಯನ್ನು ನೋಡಿದ. ಮುಟ್ಟಲಿಲ್ಲ.

“ಗಾಳಿಗೆ ಹಾರಿ ಬಂದು ಅಂಟ್ಕಂಡಿರಬೌದು.”

“ಗಾಳಿಗೆ ಹಾರಿ ಬಂದದ್ದು ಮರ ಸೀಳಲ್ಲ. ಆ ದಿನ ನಿನ್ನ ರೆಕ್ಕೆ ಆ ದಾರಿಯಾಗೆ ಬಂದಿತ್ತೋ ಇಲ್ವೋ? ಜೀಪಿನೋರ್ನ ಕೇಳಿದ್ರೆ ಒಬ್ಬನಾದ್ರೂ ಬಾಯಿ ಬಿಡ್ತಾನೆ.”

“ನೀವು ಯಾರ ಪರ ಸಿದ್ದಪ್ಪನೋರೆ? ವಿಮೆ ಕಂಪನಿದಾ, ಆ ಯಮ್ಮಂದಾ?”

“ಬಂದಿತ್ತೋ ಇಲ್ವೋ ಹೇಳು.”

ಕ್ರೇನು ಗುರುಗುಟ್ಟಿತು. ಬೆಳಗ್ಗೆ ಮರದ ಪಕ್ಕ ಹಾದ ಅದೇ ರೆಕ್ಕೆ ನೆಲ ಬಿಟ್ಟು ಮೇಲೇಳತೊಡಗಿತು. ಇಬ್ಬರೂ ಮಾತು ನಿಲ್ಲಿಸಿ ಕತ್ತೆತ್ತಿದರು. ಅದು ಏರಿ ಏರಿ ಒಂದು ಕೊಕ್ಕರೆಯ ಗರಿಯಷ್ಟಾಯಿತು.

ಪಂಚಾಕ್ಷರಪ್ಪ ಕತ್ತು ಇಳಿಸಿದಾಗ ಅವನ ದನಿಯೂ ಇಳಿದಿತ್ತು.

“ಬಂದಿತ್ತು. ಮಧ್ಯಾಹ್ನ ಹುಡುಗ ಬಂದು ನನ್ನ ಕಾಲು ಹಿಡ್ಕಂಡ. ಬಾಲ ಮರಕ್ಕೆ ಬಡೀತು ಅಣ್ಣ, ಮರದ ಬುಡದಾಗೆ ಹೆಣ ಐತೆ ಅಂದ. ಇನ್ನೇನು ಕೇಳಿದ್ರೂ ಬರೀ ಅಳೋದು. ರೆಕ್ಕೆಯಿಂದ ಸತ್ತ ಅಂತ ಗೊತ್ತಾದ್ರೆ ಈ ಗುಡ್ಡದ ಕೆಲಸ ಅವತ್ತೇ ನಿಂತೋಗ್ತಿತ್ತು. ಲಾರಿ ನಂದೇ ಇತ್ತು, ಅದನ್ನ ಕೊಟ್ಟೆ. ಆ ಯಮ್ಮಂಗೂ ಪರಿಹಾರ ಸಿಗ್ತೈತೆ, ನನಗೂ ಕೆಲಸ ಉಳೀತೈತೆ ಅಂದ್ಕಂಡೆ. ಯಾರ ಮನೆ ಹಾಳು ಮಾಡಿದೀನಿ ಹೇಳ್ರಿ?”

“ಸತ್ತೋನ್ನ ಕೇಳು ಆ ಮಾತು.”

ಪಂಚಾಕ್ಷರಪ್ಪ ಮೇಲೇರಿದ ರೆಕ್ಕೆಯ ಕಡೆ ಮತ್ತೆ ಕತ್ತೆತ್ತಿದ.

“ಹಿಂದೆ ಕುಂತು ಚಕ್ರ ತಿರುಗಿಸ್ತಾ ಇದ್ದೋನು ಯಾರು?”

“ನನ್ನತ್ರ ಆ ಕೆಲಸಕ್ಕೆ ಇರೋನು ಒಬ್ಬನೇ. ಅವನ ಕೈ ಅಂದ್ರೆ ಕೈ. ಎಷ್ಟು ರೆಕ್ಕೆ ಸಾಗ್ಸಿದಾನೆ, ಒಂದು ಕೊಂಬೆಗೂ ತಾಕ್ಸಿಲ್ಲ, ಆ ದಿನ ಬಿಟ್ಟು. ಇವತ್ತು ಬೆಳಿಗ್ಗೆ ನೀವೇ ನೋಡಿದ್ರಲ್ಲ.” ಪಂಚಾಕ್ಷರಪ್ಪ ಒಂದು ನಗೆ ನಕ್ಕ. ಅದರಲ್ಲಿ ಖುಷಿ ಇರಲಿಲ್ಲ. “ನಿಮಗೆ ನಿನ್ನೆ ಟೀ ಕೊಟ್ಟೋನೇ. ಮೋಹನ್‌ಕುಮಾರ.”

*

ಅಂಗನವಾಡಿಯಲ್ಲಿ ಮಕ್ಕಳು ಉಂಡು ಚಾಪೆಯ ಮೇಲೆ ಮಲಗಿದ್ದರು. ಅನುಸೂಯ ಬಾಗಿಲ ಬಳಿ ಕೂತು ಅಕ್ಕಿ ಆರಿಸುತ್ತಿದ್ದಳು.

ದಾರಿಯುದ್ದಕ್ಕೂ ಮರುಳಸಿದ್ದಪ್ಪನವರು ತಮ್ಮಲ್ಲೇ ಜಗಳವಾಡುತ್ತ ಬಂದಿದ್ದರು. ಕಂಪನಿಗೆ ಒಂದು ವರದಿ ಕಳಿಸಿದರೆ ಸಾಕು, ನಾಳೆ ವಕೀಲರು ಇವಳನ್ನು ಕಟಕಟೆಯಲ್ಲಿ ನಿಲ್ಲಿಸಿ ಪುಡಿ ಮಾಡುತ್ತಾರೆ. ಅದಕ್ಕೆ ಮುಂಚೆ ಇವಳಿಗೆ ಹೇಳುವುದು ತಮ್ಮ ಕೆಲಸವಲ್ಲ.

ಆದರೂ ಹೇಳಿದರು. ಮರದ ಗಾಯ, ಚಕ್ಕೆ, ಬೀಸಿ ಬಂದ ಬಾಲ, ಹಿಂದಿನ ಕುರ್ಚಿ, ಕುರ್ಚಿಯಲ್ಲಿ ಕೂತವನ ಹೆಸರು, ಒಂದನ್ನೂ ಬಿಡಲಿಲ್ಲ.

ಅನುಸೂಯಳ ಬೆರಳುಗಳು ಅಕ್ಕಿಯ ಮೇಲೇ ನಿಂತವು. ಒಂದು ಮಗು ನಿದ್ದೆಯಲ್ಲಿ ಮಗ್ಗುಲಾಯಿತು. ಅವಳು ಎದ್ದು ಅದರ ಹೊದಿಕೆ ಸರಿಮಾಡಿ ಬಂದಳು.

“ನಾನು ಕೋರ್ಟಿಗೆ ಸುಳ್ಳು ಬರೆದುಕೊಟ್ಟಂಗಾಯ್ತು ಅಲ್ವಾ ಸಾರ್?”

“ಗೊತ್ತಿಲ್ದೆ ಕೊಟ್ಟಿದೀಯ.”

“ನಾಳೆ ಗೊತ್ತಿದ್ದು ಹೇಳಬೇಕಾಗ್ತೈತೆ.”

ಮರುಳಸಿದ್ದಪ್ಪನವರು ಹೊಸ್ತಿಲ ಮೇಲೆ ಕೂತರು. “ಅನುಸೂಯಮ್ಮ, ನಿಜ ಹೇಳಿದ್ರೆ ಈ ಅರ್ಜಿ ಬಿದ್ದೋಗ್ತೈತೆ. ಟ್ರೇಲರಿನ ಮೇಲೆ ಬೇರೆ ಅರ್ಜಿ ಹಾಕಬೌದು, ಅದಕ್ಕೆ ಎಷ್ಟು ಕಾಲ ಹಿಡೀತೈತೋ ಹೇಳಕಾಗಲ್ಲ. ನಿನ್ನ ತಮ್ಮ ಜೈಲಿಗೆ ಹೋಗ್ತಾನೆ. ಇಷ್ಟೂ ತಿಳ್ಕಂಡೇ ಯೋಚ್ನೆ ಮಾಡು.”

“ನಮ್ಮವ್ವ ಸತ್ತಾಗ ಅವನು ಅಂಬೆಗಾಲು ಇಡ್ತಿದ್ದ ಸಾರ್. ಸೊಂಟದ ಮೇಲೆ ಹೊತ್ಕಂಡು ಬೆಳೆಸಿದೀನಿ.” ಅಷ್ಟು ಹೇಳಿ ಅವಳು ಮೊರವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡಳು. “ನೀವು ಹೋಗ್ರಿ ಸಾರ್. ಮಕ್ಕಳು ಏಳೋ ಹೊತ್ತಾಯ್ತು.”

*

ಮರುದಿನ ಚಿತ್ರದುರ್ಗದ ಕೋರ್ಟು ಹಾಲು ತುಂಬಿತ್ತು. ಎಲ್ಲ ಅಪಘಾತದ ಕೇಸುಗಳೇ. ಹೆದ್ದಾರಿಯಲ್ಲಿ ಮಗನನ್ನು ಕಳೆದುಕೊಂಡವರು, ಗಂಡನನ್ನು ಕಳೆದುಕೊಂಡವರು, ಹಿರಿಯೂರಿನಿಂದ, ಭರಮಸಾಗರದಿಂದ ಬಂದವರು, ಬೆಂಚುಗಳ ಮೇಲೆ ಒತ್ತೊತ್ತಾಗಿ ಕೂತಿದ್ದರು. ಮರುಳಸಿದ್ದಪ್ಪನವರು ಗೋಡೆಗೆ ಒರಗಿ ನಿಂತಿದ್ದರು. ಅವರ ವರದಿ ಇನ್ನೂ ಅವರ ತಲೆಯಲ್ಲೇ ಇತ್ತು. ಕಾಗದಕ್ಕೆ ಇಳಿಸಿರಲಿಲ್ಲ.

ಎರಡನೆಯ ಸಾಕ್ಷಿ ಮೋಹನ್‌ಕುಮಾರ್‌ನನ್ನು ಪದ್ಧತಿಯಂತೆ ಹೊರಗೆ, ವರಾಂಡದಲ್ಲಿ ಕೂರಿಸಿದ್ದರು.

ಅನುಸೂಯ ಕಟಕಟೆ ಹತ್ತಿದಳು. ಅವಳ ಪರ ವಕೀಲೆ ಬಿಂದು ಧೈರ್ಯ ಹೇಳುವಂತೆ ಕಣ್ಣು ಮಿಟುಕಿಸಿದಳು. ವಿಮೆ ಕಂಪನಿಯ ವಕೀಲರು ಪಾಟೀಸವಾಲಿಗೆ ಎದ್ದರು.

“ನಿಮ್ಮ ಗಂಡನಿಗೆ ಗುದ್ದಿದ್ದು ಅದಿರಿನ ಲಾರಿ ಅಂತ ಪ್ರಮಾಣ ಮಾಡಿ ಹೇಳಿದೀರಿ. ಸರಿನಾ?”

“ಹೇಳಿದೀನಿ ಸ್ವಾಮಿ.”

“ಅದು ಸುಳ್ಳು ಅಂತ ನಾನು ಹೇಳ್ತೀನಿ. ಏನಂತೀರಿ?”

ಎಲ್ಲ ಸಾಕ್ಷಿಗಳೂ ಅನ್ನುವ ಹಾಗೆ ‘ಸುಳ್ಳಲ್ಲ’ ಎಂಬ ಉತ್ತರ ಬರುತ್ತದೆಂದು ವಕೀಲರು ಆಗಲೇ ಮುಂದಿನ ಹಾಳೆ ತಿರುವುತ್ತಿದ್ದರು.

“ಹೌದು ಸ್ವಾಮಿ. ಸುಳ್ಳೇ.”

ಹಾಳೆ ತಿರುವುತ್ತಿದ್ದ ಕೈ ನಿಂತಿತು. ಬಿಂದು ಕುರ್ಚಿಯಿಂದ ಅರ್ಧ ಎದ್ದಳು.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಮುಂದೆ ಬಾಗಿದರು. “ಅಮ್ಮಾ, ನೀವು ಏನು ಹೇಳ್ತಿದೀರಿ ಅನ್ನೋದು ನಿಮಗೆ ಗೊತ್ತಿದೆಯಾ?”

“ಗೊತ್ತು ಸ್ವಾಮಿ. ನಂಗೆ ಲಾರಿ ಅಂತ ಹೇಳಿದ್ರು, ನಂಬಿದ್ದೆ. ಲಾರಿ ಅಲ್ಲ. ಗುಡ್ಡಕ್ಕೆ ಫ್ಯಾನಿನ ರೆಕ್ಕೆ ತಗಂಡೋಗ್ತಾರಲ್ಲ, ಆ ಗಾಡಿ. ಅದರ ಬಾಲ ಮರಕ್ಕೆ ಬಡಿದೈತೆ. ಹಿಂದೆ ಕುಂತು ತಿರುಗಿಸ್ತಿದ್ದೋನು ನನ್ನ ಒಡಹುಟ್ಟಿದ ತಮ್ಮ, ಹೊರಗೆ ಕುಂತವ್ನೆ. ನಂಗೆ ಪರಿಹಾರ ಬರಲಿಲ್ಲ ಅಂದ್ರೂ ಆಗ್ಲಿ. ನಮ್ಮೋರು ಎಂಗೆ ಸತ್ರು ಅನ್ನೋದಾದ್ರೂ ಸರಿಯಾಗಿ ಬರ್ಕಳ್ರಿ ಸ್ವಾಮಿ. ಮಗಳು ದೊಡ್ಡೋಳಾದ ಮೇಲೆ ಓದ್ತಾಳೆ.”

ದನಿ ಎಲ್ಲೂ ನಡುಗಲಿಲ್ಲ. ಕಟಕಟೆಯ ಕಂಬಿ ಹಿಡಿದ ಕೈ ಮಾತ್ರ ಬಿಗಿಯಾಗಿತ್ತು.

ಬೆಂಚುಗಳಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಯಾರೂ ಹೇಳಿರಲಿಲ್ಲ. ಒಬ್ಬ ಮುದುಕಿ ಅವಳ ಕಡೆಗೆ ಕೈ ಮುಗಿದಳು. ಕೂರಿ ಎಂದು ಗದರಬೇಕಾಗಿದ್ದ ಕೋರ್ಟಿನ ಜವಾನನೂ ಸುಮ್ಮನೆ ನಿಂತಿದ್ದ. ನಿನ್ನೆ ಆ ತಿರುವಿನಲ್ಲಿ ರೆಕ್ಕೆ ಕಂಡು ಮರುಳಸಿದ್ದಪ್ಪನವರ ಮೈ ನವಿರೆದ್ದಿತ್ತು. ಈಗಿನದಕ್ಕೆ ಹೋಲಿಸಿದರೆ ಅದು ಏನೂ ಅಲ್ಲ ಅನಿಸಿತು. ಎದುರು ಪಕ್ಷದ ವಕೀಲರು ಗೆದ್ದಿದ್ದರು, ಆದರೆ ಕೈಯಲ್ಲಿದ್ದ ಹಾಳೆಗಳನ್ನು ಮಡಿಸಿ ಕೂತುಬಿಟ್ಟರು.

“ಅಕ್ಕಾ…”

ಬಾಗಿಲಲ್ಲಿ ಮೋಹನ್‌ಕುಮಾರ್ ನಿಂತಿದ್ದ. ತಡೆಯಲು ಬಂದ ಪೇದೆಯ ಕೈ ಸರಿಸಿ ಒಳಗೆ ಬಂದ.

“ರೆಕ್ಕೆ ತಿರುಗಿಸ್ತಿದ್ದೋನು ನಾನೇ ಸ್ವಾಮಿ. ಮರಕ್ಕೆ ತಾಕ್ಸಿದೋನೂ ನಾನೇ. ಆದ್ರೆ ಭಾವನ್ನ ನಾನು ಕೊಲ್ಲಲಿಲ್ಲ. ನನ್ನ ಮೇಲೇ ಬರ್ತೈತೆ ಅಂತ ಹೆದ್ರಿ ಲಾರಿ ಅಂದೆ.”

“ನಿನ್ನ ಸರದಿ ಬಂದಾಗ ಹೇಳು,” ಎಂದರು ನ್ಯಾಯಾಧೀಶರು.

ಅವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅಕ್ಕನನ್ನೇ ನೋಡುತ್ತಿದ್ದ.

“ನಾವು ತಿರುವಿಗೆ ಬಂದಾಗ ಭಾವ ಮರಕ್ಕೆ ಒರಗಿ ಕುಂತಿದ್ದ ಅಕ್ಕ. ಜೀಪಿನೋರು ಏಳಯ್ಯ, ಏಳಯ್ಯ ಅಂತ ಕೂಗಿದ್ರು, ಏಳಲಿಲ್ಲ. ನಿದ್ದೆ ಹೋಗವ್ನೆ ಅಂದ್ಕಂಡು ಮುಂದಕ್ಕೋದ್ರು. ಹಿಂದಿನ ಕುರ್ಚಿಯಿಂದ ನಂಗೆ ಮುಖ ಕಾಣ್ತು. ಕಣ್ಣು ಬಿಟ್ಕಂಡೇ ಇದ್ದ. ಗಾಬ್ರಿಗೆ ನನ್ನ ಕೈ ತಪ್ತು, ಬಾಲ ಅವನ ತಲೆ ಮೇಲಿಂದ ಹೋಗಿ ಮರಕ್ಕೆ ಬಡೀತು. ಆ ಏಟಿಗೆ ಪಕ್ಕಕ್ಕೆ ಉರುಳಿದ.”

ಅನುಸೂಯ ಕಟಕಟೆಯಿಂದ ಒಂದು ಮೆಟ್ಟಿಲು ಇಳಿದಳು.

“ಇಳಿದು ಓಡೋಗಿ ಕೈ ಹಿಡಿದೆ ಅಕ್ಕ. ಕಟ್ಟಿಗೆ ಥರ ಸೆಟೆದಿತ್ತು. ಅವನು ಸತ್ತು ಎಷ್ಟೋ ಹೊತ್ತಾಗಿತ್ತು. ತಲೆಯ ರಕ್ತ ಆಗ್ಲೇ ಒಣಗಿತ್ತು, ನೆಲದ ಮೇಲೆ ಒಂದು ಹನೀನೂ ಇರಲಿಲ್ಲ. ಅವನನ್ನ ಯಾರೋ ತಂದು ಅಲ್ಲಿ ಕುಂಡ್ರಿಸಿದ್ರು.”